ಎಡ ಕೆನ್ನೆ, ಬಲ ಕೆನ್ನೆ

ಮಾರ್ಚ್ 4

ಅಕ್ಕ,

ಮೊದಲು ನಿನಗೆ ಖುಷಿಯಾಗುವ ಸುದ್ದಿ. ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ಹುಟ್ಟಿದಾಗಿನಿಂದ ನೀನು ಹೇಳಿ ಹೇಳಿ ಸೋತದ್ದನ್ನು ಇಲ್ಲಿನ ಡಾಕ್ಟರು ಒಂದೇ ಮಾತಿನಲ್ಲಿ ಸಾಧಿಸಿದರು. ಗಂಟಲು ಒಳಗೆ ಊದಿಕೊಂಡಿದೆಯಂತೆ, ಅವರು ಹೇಳುವ ತನಕ ಪಿಸುಮಾತೂ ಆಡಕೂಡದು. ಫೋನು ಪೊಲೀಸರ ಹತ್ತಿರ ಚೂರಾಗಿ ಕೂತಿದೆ. ಹಾಗಾಗಿ ಈ ಕಾಗದ. ಬಲಗೈಗೆ ಕಟ್ಟು ಹಾಕಿದ್ದಾರೆ, ಎಡಗೈಯಲ್ಲಿ ಗೀಚುತ್ತಿದ್ದೇನೆ. ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ.

ನನ್ನ ಸಲೂನಿನ ಪಕ್ಕದ ಬೇಕರಿಯವರು ನಿನಗೆ ಫೋನಿನಲ್ಲಿ ಏನೇನು ಹೇಳಿದರೋ. ಅವರು ಕಡ್ಡಿಯನ್ನು ಗುಡ್ಡ ಮಾಡುವವರು. ನಡೆದದ್ದು ಇಷ್ಟು. ಸಂಜೆ ಕಡೆಯ ಗಿರಾಕಿ ಕೂದಲು ಕತ್ತರಿಸಿಕೊಂಡು ಹೋದರು. ನಾನು ಬಾಚಣಿಗೆ, ಕತ್ತರಿ ತೊಳೆದಿಟ್ಟು ಕನ್ನಡಿಯ ಮುಂದಿನ ಹಲಗೆ ಒರೆಸುತ್ತಿದ್ದೆ. ಹಿಂದಿನಿಂದ ಒಬ್ಬ ಬಂದು ಕತ್ತಿನ ಸುತ್ತ ತೋಳು ಹಾಕಿ ಬಿಗಿದ. ದುಡ್ಡು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ, ಕೇಳಲಿಲ್ಲ. ಒಂದು ಮಾತೂ ಆಡಲಿಲ್ಲ. ಹಲಗೆಯ ಮೇಲಿದ್ದ ಕತ್ತರಿಗೆ ಕೈ ಹಾಕಿದೆ, ಅವನು ಅದನ್ನು ಕಿತ್ತುಕೊಂಡ. ನನ್ನದೇ ಕತ್ತರಿಯಿಂದ ನನ್ನ ಅಂಗೈ ಹರಿಯಿತು. ಆಮೇಲೆ ಹೊಡೆದ, ನಾನು ಬೀಳುವವರೆಗೆ. ಬಿದ್ದ ಸದ್ದಿಗೆ ಬೇಕರಿಯವರು ಬಂದು ಬ್ರೆಡ್ಡಿನ ಟ್ರೇಯಿಂದ ಶಟರ್ ಬಡಿದು ಕೂಗಿದರು. ಓಡಿಹೋದ.

ಇವತ್ತು ಪೊಲೀಸ್ ಸಾಹೇಬರು ಬಂದಿದ್ದರು. ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ನನ್ನ ಎದುರಿಗೇ ಕೂತರು. ಮುಖ ನೋಡಿದ್ರಾ ಅಂದರು, ತಲೆ ಆಡಿಸಿದೆ. ಚೆನ್ನಾಗಿ ನೋಡಿದ್ದೇನೆ, ಕಣ್ಣು ಮುಚ್ಚಿದರೆ ಅದೇ. ಏನಾದರೂ ಗುರುತು ಅಂದರು. ಕೆನ್ನೆಯ ಮೇಲೆ ಸುಟ್ಟ ಕಲೆ ಅಂತ ಬರೆದು ತೋರಿಸಿದೆ. ಯಾವ ಕಡೆ ಅಂದರು. ಅವರ ಮುಖಕ್ಕೇ ಬೆರಳು ಚಾಚಿ ತೋರಿಸಿದೆ. ಪಾಪ, ಸ್ಟೂಲಿನ ಸಮೇತ ಹಿಂದೆ ಸರಿದರು. ಎಡ ಕೆನ್ನೆ ಅಂತ ಬರೆದುಕೊಂಡು ಹೋದರು.

ನೀನು ಓಡಿ ಬರಬೇಡ. ನರ್ಸುಗಳು ಒಳ್ಳೆಯವರು, ಒಬ್ಬಳ ಕೂದಲು ಮಾತ್ರ ಯಾರೋ ಹಾಳು ಮಾಡಿದ್ದಾರೆ. ಮಾತು ಬಂದ ತಕ್ಷಣ ಹೇಳಬೇಕು.

ನಿನ್ನ ಮರಿ

ಮಾರ್ಚ್ 11

ಮರಿ,

ನಿನ್ನ ಕಾಗದ ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ನಿಮ್ಮ ಭಾವ ಹೆದರಿ ನೀರು ತಂದುಕೊಟ್ಟರು.

ಬರಬೇಡ ಅಂತ ನೀನು ಬರೆದ ಮಾತ್ರಕ್ಕೆ ನಾನು ಕೇಳುವವಳಲ್ಲ. ಆದರೆ ಕಾರ್ಖಾನೆಯಲ್ಲಿ ಈ ತಿಂಗಳು ಉಸಿರಾಡಲು ಬಿಡುವಿಲ್ಲ. ಅಂಗಿಗಳ ದೊಡ್ಡ ಆರ್ಡರು ಹೋಗಬೇಕು, ನನ್ನ ತಪಾಸಣೆಯ ಮೇಜಿನ ಮೇಲೆ ರಾಶಿ ಬಿದ್ದಿದೆ. ಒಂದು ಗುಂಡಿ ಸಡಿಲವಾಗಿದ್ದರೂ ಇಡೀ ಪೆಟ್ಟಿಗೆ ವಾಪಸು. ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಗಂಟು ಹಾಕಿಕೊಳ್ಳುತ್ತಾರೆ. ಮುಂದಿನ ತಿಂಗಳು ಖಂಡಿತ.

ನಿನ್ನ ಪೊಲೀಸ್ ಸಾಹೇಬರು ನನಗೂ ಫೋನ್ ಮಾಡಿದ್ದರು. ಎಂಥ ಹುಡುಗಿ, ಯಾರ ಜೊತೆಗಾದರೂ ಜಗಳ ಇತ್ತೇ, ಹಾಗೆ ಹೀಗೆ. ಏನೋ ಹೇಳಿದೆ, ಬಿಡು. ಮುಖ್ಯವಾದದ್ದೇನಿಲ್ಲ.

ನೀನು ಮಾತ್ರ ಹೆದರಬೇಡ. ಸ್ವಲ್ಪ ಮರೆವು, ಸ್ವಲ್ಪ ಉಡಾಫೆ ಬಿಟ್ಟರೆ ನಿನ್ನಲ್ಲಿ ಏನು ಕೊರತೆ? ಕಳೆದ ಸಲ ನಾನು ಬಂದಾಗ ನೆನಪಿದೆಯಾ, ತರಕಾರಿ ಅಂಗಡಿಯ ಮುಂದೆ ಒಬ್ಬ ಹೆಂಗಸು ನಿನ್ನ ಕೈ ಹಿಡಿದು ಮಾತಾಡಿಸಿದರೆ ನೀನು ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದೆ. ಅವರೇ ಮಾರನೇ ದಿನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಮಗನ ಪರೀಕ್ಷೆ ಏನಾಯ್ತು ಅಂತ ಕೇಳಿದೆ. ವರ್ಷಗಟ್ಟಲೆ ಕೂದಲು ಕತ್ತರಿಸಿದವರನ್ನೇ ಬೀದಿಯಲ್ಲಿ ಗುರುತಿಸದ ಹುಡುಗಿ ನೀನು. ನೆನೆಸಿಕೊಂಡರೆ ಇವತ್ತಿಗೂ ನಗು.

ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸು. ಸರಿಯಾಗಿ ಊಟ ಮಾಡು. ಮಾತಾಡಬೇಡ.

ನಿನ್ನ ಅಕ್ಕ

ಮಾರ್ಚ್ 26

ಅಕ್ಕ,

ನೋಡು, ಅಕ್ಷರ ನೆಟ್ಟಗಾಗಿದೆ. ಬಲಗೈ ವಾಪಸು ಬಂತು. ಧ್ವನಿಯೂ ಬಂದಿದೆ, ಬೀಡಿ ಸೇದುವ ಮುದುಕನ ಧ್ವನಿ, ಆದರೂ ಬಂದಿದೆ. ಹೊಸ ಫೋನು ಕೊಂಡುಕೋ ಅಂತ ಬೇಕರಿಯವರ ಮೂಲಕ ಹೇಳಿ ಕಳಿಸಿದ್ದೀಯ. ಸದ್ಯಕ್ಕೆ ಬೇಡ. ಸದ್ದಾದರೆ ಮೈ ಬೆಚ್ಚುತ್ತದೆ. ಕಾಗದದಲ್ಲಿ ಒಂದು ಅನುಕೂಲ ಇದೆ, ಮಧ್ಯೆ ಎದ್ದು ಹೋಗಿ ಮುಖ ತೊಳೆದು ಬಂದರೂ ಆ ಕಡೆಯವರಿಗೆ ತಿಳಿಯುವುದಿಲ್ಲ.

ಸೋಮವಾರದಿಂದ ಅಂಗಡಿ ತೆಗೆದಿದ್ದೇನೆ. ಜನ ಬರುತ್ತಿದ್ದಾರೆ. ಕೆಲವರು ಕೂದಲಿಗೆ ಬರುತ್ತಾರೆ, ಕೆಲವರು ಕಥೆ ಕೇಳಲು. ಕನ್ನಡಿ ಒರೆಸಿ ಹೊಳೆಯುವ ಹಾಗೆ ಮಾಡಿದ್ದೇನೆ. ಕೆಲಸವೇ ಔಷಧಿ ಅಂತ ನೀನು ಹೇಳುತ್ತಿರುತ್ತೀಯಲ್ಲ, ಅದನ್ನೇ ಕುಡಿಯುತ್ತಿದ್ದೇನೆ. ಆದ್ದರಿಂದ ನಿನ್ನ ಅಂಗಿಗಳ ರಾಶಿಯನ್ನು ಬಿಟ್ಟು ಬರುವ ಅಗತ್ಯ ಏನೂ ಇಲ್ಲ.

ಒಬ್ಬನನ್ನು ಹಿಡಿದಿದ್ದಾರಂತೆ. ಗುರುತು ಹಿಡಿಯಲು ಮುಂದಿನ ವಾರ ಬರಬೇಕು ಅಂದಿದ್ದಾರೆ. ಹೋಗಿ ಬೆರಳು ತೋರಿಸಿ ಬಂದರಾಯಿತು. ಆಮೇಲೆ ಎಲ್ಲ ಮುಗಿಯುತ್ತದೆ.

ಮರಿ

ಏಪ್ರಿಲ್ 9

ಅಕ್ಕ,

ಮುಗಿಯಲಿಲ್ಲ.

ಒಂದು ಉದ್ದ ಕೋಣೆಯಲ್ಲಿ ಗಂಡಸರನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲರ ಮುಖಕ್ಕೂ ಎರಡೂ ಕೆನ್ನೆಗೆ ಬಿಳಿ ಪಟ್ಟಿ ಅಂಟಿಸಿದ್ದರು, ಕಲೆ ಕಂಡು ಹೇಳಬಾರದು ಅಂತ. ಅವನನ್ನು ನೋಡಿದ ಕೂಡಲೇ ಕೈಕಾಲು ತಣ್ಣಗಾದವು. ಇವನೇ ಅಂತ ಹೊಟ್ಟೆ ಹೇಳಿತು. ಆದರೆ ಕಣ್ಣು ಮಾತ್ರ ಅನುಮಾನಿಸಿತು. ಮುಖ ಅದೇ, ಆದರೂ ಏನೋ ಸರಿಯಿಲ್ಲ. ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡ ಹಾಗೆ. ನಾನು ಹಿಂಜರಿದೆ. ಹಿಂಜರಿದದ್ದನ್ನು ಸಾಹೇಬರು ಗಮನಿಸಿದರು. ಕಡೆಗೆ ಇವನೇ ಅಂದೆ.

ಪಟ್ಟಿ ಕಿತ್ತರು. ಕಲೆ ಇತ್ತು. ಬಲ ಕೆನ್ನೆಯಲ್ಲಿ.

ನೀವು ಎಡ ಅಂದಿದ್ರಲ್ಲಮ್ಮ ಅಂದರು ಸಾಹೇಬರು. ಕಾಗದ ಕೊಟ್ಟು, ಮುಖ ಬರೆದು ಕಲೆ ಎಲ್ಲಿತ್ತು ತೋರಿಸಿ ಅಂದರು. ಬರೆದೆ. ಎಷ್ಟು ಸಲ ಬರೆದರೂ ಅದೇ ಜಾಗಕ್ಕೆ ಪೆನ್ನು ಹೋಗುತ್ತದೆ, ನನಗೆ ಕಾಣುವುದೇ ಅಲ್ಲಿ. ಅವರು ಕಾಗದ ತಿರುಗಿಸಿ ನೋಡಿ, ಇದು ಎಡ ಕೆನ್ನೆಯೇ ಅಲ್ವಾ ಅಂದರು. ಹೌದು, ಎಡವೇ. ಇನ್ನೊಬ್ಬ ಪೊಲೀಸು ಕಿಟಕಿಯ ಕಡೆ ತಿರುಗಿಕೊಂಡ. ಪಾಪ ಅಂದುಕೊಳ್ಳುತ್ತಿದ್ದಾನೆ ಅಂತ ಬೆನ್ನಿನಿಂದಲೇ ಗೊತ್ತಾಯಿತು.

ಅಕ್ಕ, ಅಷ್ಟು ಸ್ಪಷ್ಟವಾಗಿ ಕಂಡದ್ದೇ ಸುಳ್ಳಾದರೆ ಉಳಿದದ್ದು? ಅವನ ತೋಳಿನ ವಾಸನೆ, ಹಲಗೆಯ ಮೇಲೆ ಉರುಳಿದ ನೀರಿನ ಬಾಟಲಿ, ನಾನು ಕೂಗಿದ್ದು? ನಾನು ಕೂಗಿದೆನೋ ಇಲ್ಲವೋ ಅಂತ ಈಗ ಅನುಮಾನ. ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದವಳು ವಾಪಸು ಹೋಗಿ ಜಗ್ಗಿ ನೋಡುತ್ತೇನೆ. ಮತ್ತೆ ಇಳಿದು ಮತ್ತೆ ಹೋಗುತ್ತೇನೆ. ಹಾಕಿದ್ದು ನೋಡಿದ್ದೇನೆ, ಆದರೆ ನಾನು ನೋಡಿದ್ದಕ್ಕೆ ಏನು ಬೆಲೆ?

ಸರ್ಕಾರಿ ವಕೀಲರಮ್ಮ ಒಳ್ಳೆಯವರು. ನೀವು ಖಚಿತವಾಗಿ ಹೇಳದಿದ್ದರೆ ಅವನು ಹೊರಗೆ ಬರಬಹುದು ಅಂತ ಮೆಲ್ಲಗೆ ಹೇಳಿದರು. ಯೋಚನೆ ಮಾಡಿ ಅಂದರು. ಯೋಚನೆ ಮಾಡುವುದಕ್ಕೂ ತಲೆ ನನ್ನದೇ ಬೇಕಲ್ಲ.

ನನಗೆ ಹುಚ್ಚು ಹಿಡಿಯುತ್ತಿದೆಯಾ? ನಿಜ ಹೇಳು.

ಮರಿ

ಏಪ್ರಿಲ್ 17

ಮರಿ,

ಹುಚ್ಚು ಗಿಚ್ಚು ಏನೂ ಇಲ್ಲ. ಅಂಥ ಹೊತ್ತಿನಲ್ಲಿ ಯಾರಿಗೆ ಎಡ ಬಲ ನೆನಪಿರುತ್ತದೆ? ಜೀವ ಕೈಯಲ್ಲಿ ಹಿಡಿದುಕೊಂಡವಳು ಕೆನ್ನೆ ಅಳೆಯುತ್ತಾ ಕೂರುತ್ತಾಳಾ?

ನನ್ನ ಮಾತು ಕೇಳು. ಬಲ ಅಂತ ಹೇಳಿಬಿಡು. ಗಾಬರಿಯಲ್ಲಿ ತಪ್ಪಿ ಎಡ ಅಂದೆ, ಈಗ ನೆನಪಾಯಿತು ಅನ್ನು. ಒಂದು ಪದ. ಅವನೇ ಅಂತ ನಿನ್ನ ಹೊಟ್ಟೆಗೆ ಗೊತ್ತಿದೆಯಲ್ಲ, ಸಾಕು. ನಾನು ದಿನವೂ ಎಷ್ಟೋ ಅಂಗಿಗಳಿಗೆ ಕಣ್ಣು ಮುಚ್ಚಿ ಸರಿಯಿದೆ ಅಂತ ಮುದ್ರೆ ಒತ್ತುತ್ತೇನೆ, ಯಾರೂ ಸತ್ತಿಲ್ಲ. ನೀನು ಹಟ ಹಿಡಿದು ಅವನು ಹೊರಗೆ ಬಂದರೆ ಆಗ ಏನು ಮಾಡುತ್ತೀಯ?

ಇನ್ನೊಂದು ವಿಷಯ. ನಿನ್ನೆ ಬೇಕರಿಯವರಿಗೆ ಫೋನ್ ಮಾಡಿದ್ದೆ. ಅಂಗಡಿಯಲ್ಲಿ ವ್ಯಾಪಾರ ಹೇಗಿದೆ ಅಂತ ಕೇಳಿದರೆ, ಯಾವ ಅಂಗಡಿ, ಆ ಶಟರ್ ಏಳಲೇ ಇಲ್ಲವಲ್ಲ ಅಂದರು. ಮರಿ, ನನಗೆ ಯಾಕೆ ಸುಳ್ಳು ಬರೆದೆ? ಕನ್ನಡಿ ಒರೆಸಿದ್ದೇನೆ, ಜನ ಬರುತ್ತಿದ್ದಾರೆ ಅಂತ ಎಷ್ಟು ಚೆಂದ ಬರೆದಿದ್ದೆ. ಎಲ್ಲರಿಗೂ ಓದಿ ಹೇಳಿದ್ದೆ ನಾನು.

ಹೀಗೆ ಮಾಡಿದರೆ ನಿನ್ನ ಯಾವ ಮಾತನ್ನು ನಂಬಬೇಕು?

ಅಕ್ಕ

ಏಪ್ರಿಲ್ 24

ಅಕ್ಕನಿಗೆ,

ಇವತ್ತು ವಕೀಲರಮ್ಮನ ಕಚೇರಿಗೆ ಹೋಗಿದ್ದೆ. ಆ ಕಡೆಯ ವಕೀಲರು ಏನೇನು ಕೇಳಬಹುದು ಅಂತ ನನ್ನನ್ನು ತಯಾರು ಮಾಡುತ್ತಿದ್ದರು. ನಿಮ್ಮ ಅಕ್ಕನೇ ಪೊಲೀಸರಿಗೆ ಒಂದು ಮಾತು ಹೇಳಿದ್ದಾರೆ, ಅದನ್ನು ಅವರು ಬಿಡುವುದಿಲ್ಲ ಅಂದರು. ಏನು ಅಂದೆ. ನನಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ ಅವರಿಗೇ ಸಂಕಟವಾಯಿತು.

'ಅವಳಿಗೆ ಮುಖ ನೆನಪಿರೋಲ್ಲ ಸಾರ್. ತನ್ನ ಗಿರಾಕಿಗಳನ್ನೇ ಬೀದಿಯಲ್ಲಿ ಗುರುತಿಸೋಲ್ಲ.' ಮಾರ್ಚ್ ತಿಂಗಳಲ್ಲಿ ನೀನು ಹೇಳಿದ್ದು. ಏನೋ ಹೇಳಿದೆ, ಬಿಡು, ಮುಖ್ಯವಾದದ್ದೇನಿಲ್ಲ ಅಂತ ನನಗೆ ಬರೆದದ್ದೂ ಮಾರ್ಚ್ ತಿಂಗಳಲ್ಲೇ.

ಅಂಗಡಿಯ ವಿಷಯ ನಾನು ಹೇಳಿದ್ದು ಸುಳ್ಳು. ಒಪ್ಪಿದೆ. ಬೀಗದ ಕೈ ಹಿಡಿದುಕೊಂಡು ರಸ್ತೆಯ ತಿರುವಿನ ತನಕ ಹೋಗಿ ವಾಪಸು ಬರುತ್ತೇನೆ. ಕತ್ತರಿಯೊಳಗೆ ಹೆಬ್ಬೆರಳು ಹಾಕಿದರೆ ಅಂಗೈ ಬೆವರುತ್ತದೆ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂತೇ ಊಟ ಮಾಡುತ್ತೇನೆ. ಬಚ್ಚಲಿನ ಕನ್ನಡಿಗೆ ಟವೆಲ್ ಹೊದಿಸಿದ್ದೇನೆ. ನಿನಗೆ ಇದನ್ನೆಲ್ಲ ಬರೆದರೆ ಸಂಕಟವಾಗುತ್ತದೆ ಅಂತ ಬರೆಯಲಿಲ್ಲ.

ಬಲ ಅಂತ ಹೇಳುವುದಿಲ್ಲ. ನನಗೆ ಕಂಡದ್ದು ಅಲ್ಲಿ ಅಲ್ಲ.

ಸದ್ಯಕ್ಕೆ ಬರೆಯಬೇಡ.

ಮೇ 6

ಮರಿ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ, ಹರಿದು ಹಾಕು ಬೇಕಾದರೆ.

ಆ ಮಾತು ಹೇಳಿದ್ದು ನಿಜ. ಸಾಹೇಬರು ಒಳ್ಳೆಯ ಮಾತಾಡುತ್ತಿದ್ದರು, ನನಗೆ ಭಯವಾಗಿತ್ತು, ಭಯವಾದರೆ ನಾನು ಹೆಚ್ಚು ಮಾತಾಡುತ್ತೇನೆ ಅಂತ ನಿನಗೆ ಗೊತ್ತು. ಎಂಥ ಹುಡುಗಿ ನಿಮ್ಮ ತಂಗಿ ಅಂದರು. ನಿನ್ನ ಬಗ್ಗೆ ನನಗೆ ಗೊತ್ತಿರುವ ತಮಾಷೆಗಳನ್ನೆಲ್ಲ ಹೇಳಿದೆ. ಎಲ್ಲ ಮೊದಲಿನ ಹಾಗೇ ಇದೆ ಅನ್ನಿಸಲಿ ಅಂತ. ಬರೆದುಕೊಳ್ಳುತ್ತಾರೆ ಅಂತ ನನಗೇನು ಗೊತ್ತು. ಫೋನ್ ಇಟ್ಟ ಮೇಲೆ ಗೊತ್ತಾಯಿತು. ಆಗ ನಿನಗೆ ಹೇಳದೆ ಬಾಯಿ ಮುಚ್ಚಿಕೊಂಡೆ.

ನಿನ್ನ ಮನಸ್ಸು ನೋಯಿಸಿದೆ. ಉತ್ತರ ಬರೆ. ಬೈದು ಬರೆದರೂ ಸರಿ.

ಅಕ್ಕ

ಮೇ 19

ಮರಿ,

ಅಂಚೆಯವನನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಅವನು ನನ್ನನ್ನು ಕಂಡರೆ ಸೈಕಲ್ಲನ್ನು ಆ ಕಡೆಯ ಬದಿಗೆ ತಳ್ಳಿಕೊಂಡು ಹೋಗುತ್ತಾನೆ.

ಬೇಕರಿಯವರನ್ನು ಕೇಳಿದೆ. ಬ್ರೆಡ್ ತಗೊಂಡು ಹೋಗ್ತಾರಮ್ಮ, ಮಾತಾಡಲ್ಲ ಅಂದರು. ಗಂಟಲು ಮತ್ತೆ ಕೆಟ್ಟಿತೇನೋ ಅಂದೆ. ಗಂಟಲಲ್ಲ ಅಂತ ಅನ್ನಿಸುತ್ತೆ ಅಂದರು. ಅದಾದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ನೀನು ಆ ಕೋಣೆಯಲ್ಲಿ ಒಬ್ಬಳೇ ಏನು ಮಾಡಿಕೊಳ್ಳುತ್ತೀಯೋ ಅಂತ ಕೆಟ್ಟ ಕೆಟ್ಟ ಯೋಚನೆಗಳು. ಅಂಗಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಗಂಟು ಹಾಕುತ್ತಾರೆ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ನಾನು ಕೇಳಲೇ ಇಲ್ಲ. ನಿನ್ನ ಕತ್ತಿನ ಮೇಲೆ ಅವನ ತೋಳಿನ ಗುರುತು ಇದೆ ಅಂತ ಬೇಕರಿಯವರು ಮೊದಲ ದಿನವೇ ಹೇಳಿದ್ದರು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಚಿಕ್ಕವಳಿದ್ದಾಗ ನಿನ್ನ ಮೊಣಕಾಲು ತರಚಿ ಹೋದರೂ ನಾನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎಲ್ಲರಿಗೂ ಧೈರ್ಯ ಹೇಳುವವಳ ಬಂಡವಾಳ ಇಷ್ಟೇ.

ಒಂದು ಗೆರೆ ಬರೆ. ಇದ್ದೇನೆ ಅಂತ ಬರೆದರೆ ಸಾಕು.

ಅಕ್ಕ

ಜೂನ್ 2

ಅಕ್ಕ,

ಇದ್ದೇನೆ.

ಸಿಟ್ಟು ಹೋಗಿಲ್ಲ, ಅದು ಬೇರೆ ವಿಷಯ. ಕೂತುಕೊಂಡು ಓದು, ಇದು ಉದ್ದ ಇದೆ.

ನಮ್ಮ ಕೆಳಗಿನ ಮನೆಯ ಅಜ್ಜಿ ಗೊತ್ತಲ್ಲ, ನನ್ನ ಹಳೆಯ ಗಿರಾಕಿ. ನೀನು ಬಂದಾಗ ನಿನ್ನ ಸೀರೆಯ ಬೆಲೆ ಕೇಳಿ, ಜಾಸ್ತಿ ಆಯ್ತು ಅಂದವರು. ತಿಂಗಳುಗಟ್ಟಲೆ ಕತ್ತರಿಸದೆ ಅವರ ಕೂದಲು ಕಣ್ಣಿಗೆ ಬೀಳುತ್ತಿತ್ತು. ಸಿಕ್ಕಾಗಲೆಲ್ಲ ಯಾವಾಗ, ಯಾವಾಗ ಅಂತ ಕೇಳುತ್ತಿದ್ದರು. ಕೈ ನೋವು ಅಂತ ನಾನು ತಪ್ಪಿಸಿಕೊಳ್ಳುತ್ತಿದ್ದೆ. ನಿನ್ನೆ ಬೆಳಿಗ್ಗೆ ಬಾಗಿಲು ಬಡಿದರು. ಸಂದಿಯಲ್ಲಿ ನೋಡಿದರೆ ಅಡುಗೆಮನೆಯ ಕತ್ತರಿ ಹಿಡಿದು ನಿಂತಿದ್ದಾರೆ, ತಲೆಯ ಒಂದು ಭಾಗವನ್ನು ತಾವೇ ಕತ್ತರಿಸಿಕೊಂಡಿದ್ದಾರೆ. ಹಸು ಮೇಯ್ದ ಹುಲ್ಲಿನ ಹಾಗಿತ್ತು.

'ಇನ್ನೊಂದು ಕಡೆ ನೀನು ಮಾಡ್ತೀಯೋ, ನಾನೇ ಮಾಡ್ಕೊಳ್ಳಲೋ' ಅಂದರು.

ಕತ್ತರಿ ಪೆಟ್ಟಿಗೆ ತೆಗೆದುಕೊಂಡು ಕೆಳಗೆ ಹೋದೆ. ಅವರನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಕೂರಿಸಿದೆ. ಅಭ್ಯಾಸದಂತೆ ಅವರ ಹಿಂದೆ ಹೋಗಿ ನಿಂತೆ. ನನ್ನ ಬೆನ್ನಿಗೆ ಬಾಗಿಲು. ಕೈ ಏಳಲಿಲ್ಲ. ಬೆನ್ನು ತಾನೇ ತಾನಾಗಿ ಸೆಟೆದುಕೊಂಡಿತು. 'ಏನಾಯ್ತೇ?' ಅಂದರು. ಏನಿಲ್ಲ ಅಂದು, ಸುತ್ತಿ ಬಂದು ಅವರ ಎದುರಿಗೆ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ಹೀಗೆ ಯಾರ ಕೂದಲನ್ನೂ ನಾನು ಕತ್ತರಿಸಿದವಳಲ್ಲ. ಅಂಗೈ ಬೆವರುತ್ತಿತ್ತು, ಸೆರಗಿಗೆ ಒರೆಸಿಕೊಂಡು ಒರೆಸಿಕೊಂಡು ಹಣೆಯ ಮೇಲಿನ ಕೂದಲಿಗೆ ಕತ್ತರಿ ಇಟ್ಟೆ. ಅದು ಕಚ್ ಅಂದ ಸದ್ದಿಗೆ ಅಳು ಬಂತು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು, ನೋಡಲಿಲ್ಲ. ಅಥವಾ ನೋಡದ ಹಾಗೆ ಮಾಡಿದರು.

ಸ್ವಲ್ಪ ಹೊತ್ತಾದ ಮೇಲೆ ಏನೋ ಇರಿಸುಮುರಿಸು. ಮುಖ ಅಜ್ಜಿಯದೇ, ಆದರೂ ಏನೋ ಸರಿಯಿಲ್ಲ. ಆ ಉದ್ದ ಕೋಣೆಯಲ್ಲಿ ಆದ ಹಾಗೆಯೇ. ಇವರ ಮುಖವೂ ಮರೆತುಹೋಯಿತಾ ಅಂತ ಹೆದರಿದೆ. ಆಮೇಲೆ ಕಂಡಿತು. ಮಚ್ಚೆ. ಕಣ್ಣಿನ ಕೆಳಗಿನ ದೊಡ್ಡ ಮಚ್ಚೆ ಈ ಕಡೆ ಇದೆ.

'ಅಜ್ಜಿ, ನಿಮ್ಮ ಮಚ್ಚೆ ಆ ಕಡೆ ಅಲ್ವಾ ಇದ್ದದ್ದು?'

'ಹುಟ್ಟಿದಾಗಿಂದ ಇಲ್ಲೇ ಇದೆ ಕಣೆ. ಮಚ್ಚೆ ಏನು ಬಾಡಿಗೆ ಮನೇಲಿದೆಯಾ, ಖಾಲಿ ಮಾಡ್ಕೊಂಡು ಹೋಗೋಕೆ?'

ಪೆಟ್ಟಿಗೆಯಲ್ಲಿ ಕೈಗನ್ನಡಿ ಇತ್ತು, ಹಿಂದಿನ ಕೂದಲು ತೋರಿಸಲು ಇಟ್ಟುಕೊಳ್ಳುವುದು. ಮಾರ್ಚ್‌ನಿಂದ ನಾನು ಕನ್ನಡಿ ಮುಟ್ಟಿರಲಿಲ್ಲ. ಅಜ್ಜಿಯ ಮುಂದೆ ಹಿಡಿದು, ಅವರ ಭುಜದ ಪಕ್ಕದಿಂದ ಬಗ್ಗಿ ನೋಡಿದೆ. ಮಚ್ಚೆ ತನ್ನ ಜಾಗದಲ್ಲಿತ್ತು. ಇಷ್ಟು ವರ್ಷ ನಾನು ನೋಡಿದ ಅಜ್ಜಿ ಅದರೊಳಗಿದ್ದರು.

ಅಕ್ಕ, ಅವನು ನನ್ನ ಹಿಂದೆ ಇದ್ದ. ನಾನು ಹಲಗೆ ಒರೆಸುತ್ತಾ ಕನ್ನಡಿಗೆ ಮುಖ ಮಾಡಿದ್ದೆ. ಒಂದು ಕ್ಷಣವೂ ಅವನನ್ನು ಎದುರಿಗೆ ನೋಡಿಲ್ಲ, ಕನ್ನಡಿಯಲ್ಲೇ ನೋಡಿದ್ದು. ಆಸ್ಪತ್ರೆಯಲ್ಲಿ ಸಾಹೇಬರು ಯಾವ ಕಡೆ ಅಂದಾಗ, ಗಿರಾಕಿಗೆ ಎಷ್ಟು ಕತ್ತರಿಸಲಿ ಅಂತ ಕನ್ನಡಿಯಲ್ಲಿ ತೋರಿಸುವ ಹಾಗೆ, ಅವರ ಮುಖದ ಮೇಲೆ ತೋರಿಸಿಬಿಟ್ಟೆ. ಕನ್ನಡಿಯಲ್ಲಿ ನನ್ನ ಬಲಗೈ ಕಡೆ ಕಂಡದ್ದು ಅವನ ಬಲ ಕೆನ್ನೆ. ಎದುರಿಗೆ ಕೂತ ಸಾಹೇಬರಲ್ಲಿ ನನ್ನ ಬಲಗೈ ಕಡೆ ಇದ್ದದ್ದು ಅವರ ಎಡ ಕೆನ್ನೆ. ಕಾಗದದ ಮೇಲೂ ಹಾಗೇ ಬರೆದೆ. ಕನ್ನಡಿಯಲ್ಲಿ ನೋಡಿದೆ ಅಂತ ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನನಗೆ ಮುಖ ನೋಡುವುದು ಅಂದರೆ ಕನ್ನಡಿಯಲ್ಲಿ ನೋಡುವುದೇ, ಅದನ್ನು ಬೇರೆ ಹೇಳಬೇಕು ಅಂತ ಹೊಳೆಯಲಿಲ್ಲ.

ನಿನ್ನ ತರಕಾರಿ ಅಂಗಡಿಯ ಹೆಂಗಸನ್ನು ಬೀದಿಯಲ್ಲಿ ಯಾಕೆ ಗುರುತಿಸಲಿಲ್ಲ ಅಂತಲೂ ಗೊತ್ತಾಯಿತಲ್ಲ. ನನ್ನ ತಲೆಯೊಳಗಿನ ಗಿರಾಕಿಗಳೆಲ್ಲ ಕನ್ನಡಿಯವರು. ನೀನು ಸಾಹೇಬರಿಗೆ ಹೇಳಿದ ಮಾತು ಸುಳ್ಳಲ್ಲ. ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

ಅಡುಗೆಮನೆಯ ನೆಲದ ಮೇಲೆ, ಅಜ್ಜಿಯ ಬಿಳಿ ಕೂದಲಿನ ಮಧ್ಯೆ ಕೂತು ಚೆನ್ನಾಗಿ ಅತ್ತೆ. ಸಂತೋಷಕ್ಕೆ. ನಾನು ಕಂಡದ್ದು ನಿಜ, ಪೂರ್ತಿ ನಿಜ, ಕೂದಲೆಳೆಯಷ್ಟೂ ಸುಳ್ಳಿಲ್ಲ. ನನ್ನ ತಲೆ ನನಗೆ ಮೋಸ ಮಾಡಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು, 'ಅತ್ತದ್ದಾದ್ರೆ ಈ ಕಡೆದು ಮುಗಿಸು, ಕುತ್ತಿಗೆ ಕಡಿಯುತ್ತೆ' ಅಂದರು. ಮುಗಿಸಿದೆ. ಹಿಂಭಾಗ ಮಾತ್ರ ಹಾಗೇ ಉಳಿದಿದೆ. ಅವರ ಹಿಂದೆ ನಿಲ್ಲಲು ಇನ್ನೂ ಆಗಲಿಲ್ಲ.

ಇವತ್ತು ವಕೀಲರಮ್ಮನಿಗೆ ಹೇಳಿದೆ. ಇದನ್ನು ಮೊದಲ ದಿನವೇ ನಾವು ಕೇಳಬೇಕಿತ್ತು ಅಂದರು. ಆದರೆ ಈಗ ಕಟ್ಟಿದ ಕಥೆ ಅಂತ ಆ ಕಡೆಯವರು ಹೇಳಿಯೇ ಹೇಳುತ್ತಾರೆ, ಗಟ್ಟಿಯಾಗಿ ನಿಲ್ಲಬೇಕು ಅಂದರು. ಅದೇ ಭಯ. ಕಟಕಟೆಯಲ್ಲಿ ನಿಂತಾಗ ಅವನು ಯಾವ ಕಡೆ ಕೂತಿರುತ್ತಾನೋ. ನನ್ನ ಬೆನ್ನಿಗೆ ಯಾರಿರುತ್ತಾರೋ.

ಮರಿ

ಜೂನ್ 10

ಮರಿ,

ನಿನ್ನ ಕಾಗದವನ್ನು ಬಚ್ಚಲಿನ ಕನ್ನಡಿಯ ಮುಂದೆ ನಿಂತು ಓದಿದೆ. ನಿಮ್ಮ ಭಾವನನ್ನು ಕರೆದು ಹಿಂದೆ ನಿಲ್ಲಿಸಿಕೊಂಡು ನೋಡಿದೆ. ಅವರ ಬೈತಲೆ ಆ ಕಡೆಗೆ ಹೋಗಿತ್ತು. ಇಷ್ಟು ವರ್ಷ ಸಂಸಾರ ಮಾಡಿದವರ ಮುಖ ಬೇರೆ ಯಾರದೋ ಅನ್ನಿಸಿ ಮೈ ಜುಮ್ಮೆಂದಿತು. ನೀನು ಅಂಥ ಮುಖವನ್ನು ಆ ಹೊತ್ತಿನಲ್ಲಿ ಕಲೆಯ ಸಮೇತ ನೆನಪಿಟ್ಟುಕೊಂಡೆ. ನಾನು ನಿನಗೆ ಬಲ ಅಂತ ಹೇಳಿಬಿಡು ಅಂದೆ. ಹಾಗೆ ಹೇಳಿದ್ದರೆ ಅದು ನಿಜವೇ ಆಗುತ್ತಿತ್ತು, ಆದರೆ ನೀನು ಸುಳ್ಳು ಹೇಳಿದೆ ಅಂದುಕೊಂಡೇ ಬದುಕುತ್ತಿದ್ದೆಯಲ್ಲ.

ಸಾಹೇಬರಿಗೆ ನಾನೇ ಫೋನ್ ಮಾಡಿದೆ. ಬೀದಿಯಲ್ಲಿ ಗುರುತಿಸೋಲ್ಲ ಅಂತ ಮಾತ್ರ ಬರೆದುಕೊಂಡ್ರಿ, ಕುರ್ಚಿಯಲ್ಲಿ ಕೂತರೆ ಗುರುತಿಸ್ತಾಳೆ ಅಂತ ನಾನು ಹೇಳಲಿಲ್ಲ, ಅದನ್ನೂ ಬರ್ಕೊಳ್ಳಿ ಅಂದೆ. ಬರೆದುಕೊಳ್ಳುತ್ತೇನೆ ಅಂದರು. ಬೇಕಾದರೆ ಬಂದು ಹೇಳುತ್ತೇನೆ ಅಂತಲೂ ಅಂದಿದ್ದೇನೆ.

ರಜೆ ಕೇಳಿದೆ. ಸೂಪರ್‌ವೈಸರ್ ಮುಖ ಗಂಟು ಹಾಕಲೇ ಇಲ್ಲ, ಎಷ್ಟು ದಿನ ಬೇಕು ಅಂದರು. ಇಷ್ಟು ಸುಲಭ ಇತ್ತು.

ಬರಲಾ? ಕೋರ್ಟಿನ ದಿನ ನಿನ್ನ ಹಿಂದೆ ನಾನು ಕೂತಿರಲಾ? ಬೇಡ ಅಂದರೆ ಬರುವುದಿಲ್ಲ.

ಅಕ್ಕ

ಜುಲೈ 8

ಅಕ್ಕ,

ಬೇಡ ಅಂತ ಬೇಕರಿಯವರ ಕೈಲಿ ಹೇಳಿ ಕಳಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಇದ್ದಿದ್ದರೆ ನಾನು ನಿನ್ನ ಮುಖ ನೋಡಿ ನೋಡಿ ಉತ್ತರ ಕೊಡುತ್ತಿದ್ದೆ. ಸರಿಯಾ ತಪ್ಪಾ ಅಂತ.

ನಿನ್ನೆ ಆಯಿತು. ಅವನು ನನ್ನ ಬಲಗಡೆ ಕೂತಿದ್ದ. ಕಟಕಟೆಯ ಮರ ಹಿಡಿದುಕೊಂಡೆ. ನಮ್ಮ ವಕೀಲರಮ್ಮ ಕೇಳಿದ್ದಕ್ಕೆಲ್ಲ ಹೇಳಿದೆ. ನಾನು ಎಲ್ಲಿ ನಿಂತಿದ್ದೆ, ಕನ್ನಡಿ ಎಲ್ಲಿತ್ತು, ಅವನು ಎಲ್ಲಿದ್ದ. ಆಮೇಲೆ ಅವನ ವಕೀಲರು ಎದ್ದರು. ನಿನ್ನ ಮಾತನ್ನೇ ಓದಿದರು, ಸ್ವಂತ ಅಕ್ಕನೇ ಹೀಗೆ ಹೇಳಿದ್ದಾರೆ ಅಂತ. ನಿಜ ಹೇಳಿದ್ದಾರೆ ಅಂದೆ. ಇಷ್ಟು ತಿಂಗಳು ಹೊಳೆಯದ್ದು ಈಗ ಹೊಳೆಯಿತೇ, ಅನುಕೂಲವಾಗಿಯೇ ಹೊಳೆದಿದೆ ಅಂದರು. 'ಹೊಳೆದದ್ದು ಈಗ. ನೋಡಿದ್ದು ಆವತ್ತು' ಅಂದೆ. ನನ್ನ ಬೀಡಿ ಸೇದುವ ಧ್ವನಿ ಕೋಣೆಯ ತುದಿಯ ತನಕ ಹೋಯಿತು. ಅವರು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾ ಹೋದರು. ಒಮ್ಮೆ ತಡವರಿಸಿದೆ, ನೀರು ಕೇಳಿ ಕುಡಿದೆ. ಉತ್ತರ ಬದಲಾಗಲಿಲ್ಲ.

ನ್ಯಾಯಾಧೀಶರ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ತೀರ್ಪು ಮುಂದಿನ ತಿಂಗಳಂತೆ. ಯಾವ ಕಡೆಗೂ ಆಗಬಹುದು ಅಂತ ವಕೀಲರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಅವನು ಹೊರಗೆ ಬಂದರೆ ಅಂತ ನೆನೆಸಿಕೊಂಡರೆ ಈಗಲೂ ಬಾಯಿ ಒಣಗುತ್ತದೆ. ಅದು ಹೋಗಿಲ್ಲ, ಹೋಗುತ್ತದೆ ಅಂತ ಸುಳ್ಳು ಬರೆಯುವುದಿಲ್ಲ. ಆದರೆ ಮನೆಗೆ ಬಂದು ಬೀಗ ಹಾಕಿದೆ, ಒಂದೇ ಸಲ. ವಾಪಸು ಎದ್ದು ಜಗ್ಗಿ ನೋಡಲಿಲ್ಲ. ಹಾಕಿದ್ದು ನಾನು ನೋಡಿದ್ದೆ.

ಇವತ್ತು ಬೆಳಿಗ್ಗೆ ಬೇಕರಿಯವರು ಶಟರ್ ಎತ್ತಿಕೊಟ್ಟರು. ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಇಬ್ಬರೂ ಸೇರಿ ಎತ್ತಿದೆವು. ಒಳಗೆ ಹಳೆಯ ಸೋಪಿನ ವಾಸನೆ. ಆವತ್ತಿನ ಒರೆಸುವ ಬಟ್ಟೆ ಬಿದ್ದಲ್ಲೇ ಒಣಗಿ ಕಲ್ಲಾಗಿತ್ತು, ಎತ್ತಿ ಬಿಸಾಡಿದೆ. ನೆಲ ತೊಳೆದೆ. ಕನ್ನಡಿಯನ್ನು ಕಡೆಗೆ ಒರೆಸಿದೆ, ಮೊದಲು ಅಂಚು, ಆಮೇಲೆ ನಡು. ನನ್ನ ಮುಖ ಸ್ವಲ್ಪ ಇಳಿದಿದೆ. ಕತ್ತಿನ ಗುರುತು ಮಾಸಿದೆ, ಬಂದಾಗ ನೀನು ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ಭಾನುವಾರದ ಬಸ್ಸಿಗೆ ಬಾ. ನಿನ್ನ ಬೈತಲೆ ಯಾವ ಕಡೆ ಅಂತ ನೋಡೋಣ.

ಈ ಕಾಗದವನ್ನು ಎಲ್ಲಿ ಕೂತು ಬರೆಯುತ್ತಿದ್ದೇನೆ ಹೇಳು. ಗಿರಾಕಿಯ ಕುರ್ಚಿಯಲ್ಲಿ. ಮುಂದೆ ಕನ್ನಡಿ, ಬೆನ್ನಿಗೆ ಬಾಗಿಲು. ಎಷ್ಟು ಹೊತ್ತು ಕೂರಬಲ್ಲೆ ಅಂತ ನೋಡುತ್ತಿದ್ದೆ, ಬರೆಯುತ್ತಾ ಬರೆಯುತ್ತಾ ಮರೆತೇ

ಬಾಗಿಲು ತೆಗೆದ ಸದ್ದಾಯಿತು. ಮೇಲಿನ ಗೆರೆಯ ಕೊನೆಗೆ ಪೆನ್ನು ಜಾರಿದ್ದು ಅದಕ್ಕೇ. ಎದ್ದು ಗೋಡೆಯ ಕಡೆ ಓಡಬೇಕು ಅನ್ನಿಸಿತು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ತಿರುಗಲಿಲ್ಲ. ತಲೆ ಎತ್ತಿ ಕನ್ನಡಿಯಲ್ಲಿ ನೋಡಿದೆ.

ತರಕಾರಿ ಅಂಗಡಿಯ ಮುಂದಿನ ಆ ಹೆಂಗಸು. ನೋಡಿದ ತಕ್ಷಣ ಗುರುತು ಸಿಕ್ಕಿತು, ಅಕ್ಕ. ಇಲ್ಲಿಗೆ ನಿಲ್ಲಿಸುತ್ತೇನೆ. ಮಗನ ಪರೀಕ್ಷೆ ಏನಾಯಿತು ಅಂತ ಕೇಳಬೇಕು.

ಮರಿ